ಒಣ ಮರಳು

ಹೆಲ್ಮಿ ಚೀಲದ ಬಾಯನ್ನು ಬಕೆಟ್ಟಿನ ಅಂಚಿಗೆ ಆನಿಸಿ ಮರಳು ಸುರಿಯುತ್ತಿದ್ದಳು. ಸೋಮವಾರದ ಮೊದಲ ಕೆಲಸ ಇದು. ಇದನ್ನು ಮಾಡುವಾಗ ಅವಳೊಂದಿಗೆ ಯಾರೂ ಮಾತಾಡುವುದಿಲ್ಲ, ಅವಳೂ ಮಾತಾಡಬೇಕಾಗಿಲ್ಲ, ಹಾಗಾಗಿ ಇಷ್ಟದ ಕೆಲಸವೂ ಹೌದು. ಒಣಗಿದ ಮರಳು ತಗಡಿನ ಬಕೆಟ್ಟಿಗೆ ಬೀಳುವಾಗ ಅದಕ್ಕೆ ಒಂದೇ ಉಸಿರಿನ ಉದ್ದನೆಯ ಸದ್ದಿದೆ; ಚೀಲ ಖಾಲಿಯಾಗುವವರೆಗೂ ಆ ಉಸಿರು ಕಡಿಯುವುದಿಲ್ಲ. ಇವತ್ತು ಸರ್ರೆಂದು ಶುರುವಾದದ್ದು ನಡುವೆ ನಿಂತಿತು, ತೊಪ್ಪೆಂದು ಒಂದು ಗಟ್ಟಿ ಬಿತ್ತು, ಮತ್ತೆ ಸರ್ರೆಂದಿತು. ಅವಳು ಚೀಲವನ್ನು ಹಾಗೇ ಹಿಡಿದು ನಿಂತಳು. ಹಿಂದೆ ಟೌನೊ ಮಾವ ಲೇತಿನ ಬಾಯಿಗೆ ಟೂಲು ಕೂರಿಸುತ್ತಿದ್ದ ಸದ್ದು, ಆಚೆ ಮೂಲೆಯಲ್ಲಿ ಲೆಂಪಿ ಅರ ತಿಕ್ಕುತ್ತಿದ್ದ ಸದ್ದು. ಯಾರೂ ಕೇಳಿಸಿಕೊಂಡಂತಿರಲಿಲ್ಲ. ಅವಳು ಕೈಗವಸು ಕಳಚಿ ಮಣಿಕಟ್ಟಿನವರೆಗೆ ಕೈಯನ್ನು ಮರಳಿನೊಳಗೆ ಇಳಿಸಿದಳು. ಮೇಲೆ ಒಣಗಿತ್ತು. ಕೆಳಗೆ ತಣ್ಣಗಿತ್ತು, ಬೆರಳಿಗೆ ಅಂಟುತ್ತಿತ್ತು. ಕೈ ತೆಗೆದು ಏಪ್ರನ್ನಿಗೆ ಒರೆಸಿಕೊಂಡು, ಗಟ್ಟಿಯನ್ನು ಒಡೆದು, ಮೇಲೆ ಸಮ ಮಾಡಿ, ಬಕೆಟ್ಟನ್ನು ಮಾವನ ಲೇತಿನ ಬಲಗಡೆ, ನೆಲದ ಮೇಲೆ ಹಳದಿ ಬಣ್ಣದಲ್ಲಿ ಬರೆದ ವೃತ್ತದೊಳಗೆ ಇಟ್ಟಳು.

ಹಾರ್ಯು ವರ್ಕ್‌ಷಾಪಿನಲ್ಲಿ ಮರ ಕೊಯ್ಯುವ ಯಂತ್ರಗಳ ಒಡಲು ತಯಾರಾಗುತ್ತದೆ. ಕಾಡಿನಲ್ಲಿ ದಿನವಿಡೀ ಹೊತ್ತು ತಿರುಗಬೇಕಾದ ಯಂತ್ರ ಹಗುರವಾಗಿರಬೇಕು, ಅದಕ್ಕೇ ಮೆಗ್ನೀಸಿಯಂ. ಎರಕದ ತುಂಡುಗಳು ಬೇರೆ ಕಡೆಯಿಂದ ಬರುತ್ತವೆ. ಇಲ್ಲಿ ಅವನ್ನು ಕೊರೆದು, ಕೆತ್ತಿ, ಅಂಚು ತಿಕ್ಕಿ ಕಳಿಸುತ್ತಾರೆ. ಗಟ್ಟಿಯಾಗಿರುವಾಗ ಅದು ಸಾಧು ಲೋಹ. ಸಿಪ್ಪೆಯಾಗಿ ಉದುರಿದರೆ, ಅದರಲ್ಲೂ ಕೂದಲಿನಷ್ಟು ತೆಳ್ಳಗಾದರೆ, ಒಂದು ಕಿಡಿ ಸಾಕು. ಹತ್ತಿಕೊಂಡರೆ ನೀರು ಹಾಕುವಂತಿಲ್ಲ. ಗೋಡೆಯ ಮೇಲಿನ, ಬೇರೆ ಬೆಂಕಿ ಆರಿಸುವ ಕೆಂಪು ಡಬ್ಬಿಗಳನ್ನು ಮುಟ್ಟುವಂತಿಲ್ಲ. ಲೇತಿನವನು ಕಪ್ಪು ಗಾಜನ್ನು ಕಣ್ಣಿಗೆ ಹಿಡಿದು ಒಣ ಮರಳು ಹಾಕಬೇಕು, ಉಳಿದವರೆಲ್ಲ ಇದ್ದಲ್ಲೇ ಬೆನ್ನು ತಿರುಗಿಸಿ ನಿಲ್ಲಬೇಕು. ಆ ಬೆಳಕನ್ನು ಬರಿಗಣ್ಣಲ್ಲಿ ನೋಡಬಾರದು. ಈ ನಿಯಮ ಮಾಡಿದವನು ಟೌನೊ ಮಾವನೇ. ಅವನ ಬಲ ಮುಂಗೈ ತುಂಬ ಅಕ್ಕಿಕಾಳಿನಷ್ಟು ಬಿಳಿ ಕಲೆಗಳಿವೆ. ಅವನು ಕೆಲಸ ಕಲಿಯುತ್ತಿದ್ದ ಇನ್ನೊಂದು ವರ್ಕ್‌ಷಾಪಿನಲ್ಲಿ ಯಾರೋ ಹಸಿ ಮರಳು ಹಾಕಿದ್ದರಂತೆ, ಉರಿಯುವ ಲೋಹ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸಿಡಿಯಿತಂತೆ. ಪಕ್ಕದಲ್ಲಿದ್ದವನಿಗೆ ಕಣ್ಣು ಹೋಯಿತು. ಮಾವ ಈ ಕಥೆಯನ್ನು ಹೇಳುವಾಗ ಅಂಗಿಯ ತೋಳು ಮಡಚಿ ತೋರಿಸುತ್ತಾನೆ. ಹೆಲ್ಮಿ ಚಿಕ್ಕವಳಿದ್ದಾಗ ಅವನ ತೊಡೆಯ ಮೇಲೆ ಕೂತು ಆ ಕಲೆಗಳನ್ನು ಬೆರಳಿಂದ ಒಂದಕ್ಕೊಂದು ಸೇರಿಸಿ ಮೀನು, ದೋಣಿ ಬರೆಯುತ್ತಿದ್ದಳು.

ಮರಳು ಸರೋವರದ ದಂಡೆಯದು. ಅದನ್ನು ಜರಡಿ ಹಿಡಿದು, ಮಾವನ ಹೆಂಡತಿ ಸಿಲ್ವಿ ಅತ್ತೆ ಬ್ರೆಡ್ಡು ಸುಡುತ್ತಿದ್ದ ತಗಡಿನ ತಟ್ಟೆಗಳಲ್ಲಿ ಹರವಿ, ಶನಿವಾರ ಎಲ್ಲರ ಸ್ನಾನ ಮುಗಿದ ಮೇಲೆ ಸೌನಾದಲ್ಲಿ, ಅಂದರೆ ಆವಿಸ್ನಾನದ ಮನೆಯಲ್ಲಿ, ಮೇಲಿನ ಬೆಂಚಿನ ಮೇಲಿಟ್ಟು ಬಾಗಿಲು ಹಾಕಬೇಕು. ಒಲೆಯ ಕಲ್ಲುಗಳು ಭಾನುವಾರ ಮಧ್ಯಾಹ್ನದವರೆಗೂ ಬಿಸಿಯಿರುತ್ತವೆ, ಮರಳು ಹುರಿದಂತೆ ಒಣಗುತ್ತದೆ. ಚೀಲಗಳಲ್ಲಿ ಬರುವ, ಲೋಹದ ಬೆಂಕಿ ಆರಿಸುವ ಹೊಸ ಪುಡಿ ತರಿಸೋಣ ಎಂದು ಮಾಲೀಕ ವೆಸ್ಲಿ ಹೇಳಿದಾಗಲೆಲ್ಲ ಮಾವ ನಗುತ್ತಿದ್ದ. "ನಿಮ್ಮಪ್ಪನ ಕಾಲದಿಂದ ನಮ್ಮನೆ ಸೌನಾನೇ ಈ ಕಟ್ಟಡ ಕಾಯ್ತಾ ಇರೋದು" ಎನ್ನುತ್ತಿದ್ದ. ಅತ್ತೆ ಸತ್ತ ಮೇಲೆ ತಟ್ಟೆ ಇಡುವ ಕೆಲಸ ಹೆಲ್ಮಿಯದು. ಮೊನ್ನೆ ಶನಿವಾರವೂ ಇಟ್ಟಳು. ಮೊದಲು ಮಾವನ ಸ್ನಾನವಾಯಿತು, ಆಮೇಲೆ ಅವಳದು, ಆಮೇಲೆ ತಟ್ಟೆ. ಅವಳು ಅಡುಗೆಮನೆಗೆ ಬಂದು ಕಿಟಕಿಯ ಹತ್ತಿರ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಮಾವ ಮೇಜಿನ ಮುಂದೆ ಕೂತು ರೈ ರೊಟ್ಟಿಯ ಜೊತೆ ಹುರಿದ ಮೀನು ತಿಂದ, ತಟ್ಟೆ ತೊಳೆದಿಟ್ಟ, ಮೊಳೆಗೆ ನೇತುಹಾಕಿದ್ದ ಟವಲು ತೆಗೆದುಕೊಂಡ. ಟವಲು ಇನ್ನೂ ಹಸಿಯಿತ್ತು. ಅವನ ಕತ್ತಿನ ಹಿಂದಿನ ಕೂದಲೂ ಹಸಿಯಿತ್ತು. "ಸ್ನಾನ ಮಾಡ್ಕೊಂಡ್ ಬರ್ತೀನಿ, ಕಾಫಿಗಿಡು" ಅಂದ. ತಮಾಷೆ ಇರಬೇಕೆಂದು ಅವಳು ಮುಖ ನೋಡಿದಳು. ಮುಖದಲ್ಲಿ ತಮಾಷೆ ಇರಲಿಲ್ಲ, ಶನಿವಾರ ಸಂಜೆ ಸ್ನಾನಕ್ಕೆ ಹೊರಟವನ ನೆಮ್ಮದಿ ಇತ್ತು. ಅತ್ತೆ ಇದ್ದಿದ್ದರೆ, "ಎರಡ್ ಸಲ ಉಜ್ಜಿದ್ರೆ ಹುಡುಗ ಆಗ್ಬಿಡ್ತೀಯಾ?" ಎಂದು ಟವಲು ಕಿತ್ತುಕೊಳ್ಳುತ್ತಿದ್ದಳು, ಅವನೂ ನಗುತ್ತಿದ್ದ. ಹೆಲ್ಮಿ ಕಾಫಿಪುಡಿ ಅಳೆಯತೊಡಗಿದಳು. ಕಿಟಕಿಯಿಂದ ನೋಡಿದಾಗ ಹಿಮದ ಮೇಲೆ ಅವನ ಹಳೆಯ ಹೆಜ್ಜೆಗಳ ಪಕ್ಕದಲ್ಲೇ ಹೊಸ ಹೆಜ್ಜೆಗಳು ಬಿದ್ದವು. ಸ್ವಲ್ಪ ಹೊತ್ತಿಗೆ ಸೌನಾದ ಗಾಳಿಕಂಡಿಯಿಂದ ಆವಿ ದಟ್ಟವಾಗಿ ಏಳತೊಡಗಿತು. ಕಾದ ಕಲ್ಲುಗಳ ಮೇಲೆ ಸೌಟುಗಟ್ಟಲೆ ನೀರು ಎರಚುತ್ತಿದ್ದಾನೆ, ಮೇಲಿನ ಬೆಂಚಿನಲ್ಲಿ ತಟ್ಟೆಗಳಿವೆ. ಓಡಿ ಹೋಗಿ ಬಾಗಿಲು ಬಡಿಯಬಹುದಿತ್ತು. ಸ್ನಾನದಲ್ಲಿರುವ ಗಂಡಸಿನ ಬಾಗಿಲು ಬಡಿದು, ಮಾವ, ನಿಮ್ಮ ಸ್ನಾನ ಆಗಿದೆ ಎಂದು ಹೇಗೆ ಹೇಳುವುದು. ಅವನು ಕೆಂಪಾದ ಮುಖ ಹೊತ್ತು ಬಂದ. "ಇವತ್ತು ಕಲ್ಲು ಒಳ್ಳೇ ಕಾದಿತ್ತು ಕಣೇ" ಅಂದ. ಅವಳು ಕಾಫಿ ಬಗ್ಗಿಸಿದಳು.

"ಏನ್ ಹುಡುಗಿ, ಬಕೆಟ್ ಮುಂದೆ ಪ್ರಾರ್ಥನೆ ಮಾಡ್ತಾ ಇದ್ದೀಯಾ?" ಲೆಂಪಿ ಮೂಲೆಯಿಂದ ಕೇಳಿದಳು. ಹೆಲ್ಮಿ ಪೊರಕೆ ತೆಗೆದುಕೊಂಡು ನೆಲದ ಸಿಪ್ಪೆ ಗುಡಿಸತೊಡಗಿದಳು. ಉತ್ತರ ಬರುವುದಿಲ್ಲವೆಂದು ಲೆಂಪಿಗೆ ಗೊತ್ತು, ಆದರೂ ಕೇಳುತ್ತಾಳೆ. "ಇವಳು ಬಾಯಿ ಬಿಟ್ಟ ದಿನ ಸರೋವರದ ಮಂಜುಗಡ್ಡೆ ಒಡೀತು, ಬೇಸಿಗೆ ಬಂತು ಅಂತ ತಿಳ್ಕೊಂಡು ನಾನು ಕೋಟು ತೆಗೆದಿಡ್ತೀನಿ" ಎಂದು ಮಾವನಿಗೆ ಹೇಳಿದಳು. ಮಾವ ನಕ್ಕ. ಅವನ ನಗು ಯಾವಾಗಿನದೇ. ಲೇತಿನ ಮುಂದೆ ನಿಂತರೆ ಬೆನ್ನು ನೆಟ್ಟಗಾಗುತ್ತದೆ, ಕೈ ನಡುಗುವುದಿಲ್ಲ. ಬೆರಳುಗಳಿಗೆ ಎಲ್ಲ ನೆನಪಿದೆ. ಅವನನ್ನು ಹಿಂದಿನಿಂದ ನೋಡುತ್ತ ಹೆಲ್ಮಿ, ಏನೂ ಆಗಿಲ್ಲ ಅಂದುಕೊಂಡಳು. ಬೆಂಕಿ ದಿನಾ ಹತ್ತುವುದಿಲ್ಲ. ಈ ಚಳಿಗಾಲದಲ್ಲಿ ಹತ್ತಿಯೇ ಇಲ್ಲ. ಇವತ್ತೊಂದು ದಿನ ಕಳೆದರೆ ಸಂಜೆ ಎಲ್ಲರೂ ಹೋದ ಮೇಲೆ ಮರಳನ್ನು ಚೆಲ್ಲಿಬಿಡಬಹುದು. ಭಾನುವಾರ ಬೆಳಿಗ್ಗೆ ಸೌನಾಕ್ಕೆ ಹೋಗಿ ನೋಡಿದಾಗಲೂ ಹೀಗೇ ಏನೋ ಅಂದುಕೊಂಡಿದ್ದಳು. ತಟ್ಟೆಗಳು ಖಾಲಿಯಾಗಿದ್ದವು. "ನಾನೇ ತುಂಬಿ ಟ್ರಕ್ಕಿಗೆ ಹಾಕ್ದೆ. ನಿನ್ನ ಸೊಂಟ ಉಳೀತು" ಎಂದಿದ್ದ ಮಾವ. ಚೀಲದ ಬಾಯಿಗೆ ಅವನದೇ ಗಂಟು, ಮೀನುಬಲೆಗೆ ಹಾಕುವ ಗಂಟು. ಇವತ್ತು ಬೆಳಿಗ್ಗೆ ಆ ಚೀಲ ಅವಳ ಕಾಲುಗಳ ನಡುವೆ ಇತ್ತು. ದಾರಿಯಲ್ಲಿ ಹಸಿರು ದೀಪ ಬಂದರೂ ಮಾವ ಟ್ರಕ್ಕು ನಿಲ್ಲಿಸಿಕೊಂಡೇ ಇದ್ದ; ಹಿಂದಿನವರು ಹಾರ್ನ್ ಹೊಡೆದಾಗ ಬೆಚ್ಚಿ, "ಇವರಿಗೆಲ್ಲ ಏನವಸರ" ಎಂದ. ಚೀಲದ ತಂಪು ಅವಳ ಬೂಟಿನೊಳಕ್ಕೂ ಬಂದಂತಿತ್ತು.

ಕಾಫಿ ಹೊತ್ತಿಗೆ ವೆಸ್ಲಿ ಆಫೀಸಿನಿಂದ ಇಳಿದು ಬಂದ. ಅವನೂ ಅವರ ಜೊತೆಯೇ ಕೂರುತ್ತಾನೆ, ಅವನ ಅಪ್ಪನೂ ಹಾಗೇ ಕೂರುತ್ತಿದ್ದ. ಲೆಂಪಿ ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು ತಂದಿದ್ದಳು. ಮಾವ ಲೋಟಕ್ಕೆ ಸಕ್ಕರೆ ಹಾಕಿ ಕಲಕಿದ, ಮಾತಾಡುತ್ತ ಮತ್ತೆ ಹಾಕಿ ಕಲಕಿದ. "ಇನ್ನೊಂದ್ ಚಮಚ ಹಾಕ್ಕೋ ಟೌನೊ. ಈ ವಯಸ್ಸಲ್ಲಿ ಸಿಹಿಯಾಗಿ ನೋಡೋರು ಯಾರೂ ಇಲ್ಲ, ಕಾಫಿನಾದ್ರೂ ಸಿಹಿಯಾಗಿರ್ಲಿ" ಎಂದಳು ಲೆಂಪಿ. "ನೀನಿದ್ದೀಯಲ್ಲ." "ನಾನು ನೋಡಿದ್ರೆ ಹಾಲು ಒಡೆದುಹೋಗುತ್ತೆ ಅಂತ ನನ್ನ ಗಂಡ ಹೇಳ್ತಿದ್ದ." ಎಲ್ಲರೂ ನಕ್ಕರು. ವೆಸ್ಲಿ ನಗುತ್ತಲೇ ಮಾವನ ಲೋಟ ನೋಡುತ್ತಿದ್ದ. ಅವನು ನೋಡುವುದನ್ನು ಹೆಲ್ಮಿ ನೋಡಿದಳು. ಶುಕ್ರವಾರ ಅವಳು ಕೈತೊಳೆಯುವ ಕೋಣೆಯಲ್ಲಿದ್ದಾಗ ಬಾಗಿಲಾಚೆ ಅವರಿಬ್ಬರು ಮಾತಾಡಿದ್ದು ಕೇಳಿಸಿತ್ತು. "ತಪ್ಪು ತಿಳ್ಕೋಬೇಡಿ ಟೌನೊ. ನಿನ್ನೆ ಲೇತ್ ತಿರುಗ್ತಾ ಇರೋವಾಗ್ಲೇ ಬಿಟ್ಟು ಊಟಕ್ಕೆ ಹೋಗಿದ್ರಿ. ಇನ್ನೊಂದು ಸಲ ಏನಾದ್ರೂ ಆದ್ರೆ ನಾನು ನಿಮ್ಮನ್ನ ಮನೇಲಿರಿ ಅನ್ನಲೇಬೇಕಾಗುತ್ತೆ." "ನಿನಗೆ ಸೈಕಲ್ ಹೊಡೆಯೋದು ಕಲ್ಸಿದ್ದು ನಾನು ಕಣೋ." "ಅದು ನನಗೆ ನೆನಪಿದೆ" ಎಂದಿದ್ದ ವೆಸ್ಲಿ. ಹೆಲ್ಮಿ ನಲ್ಲಿ ನಿಲ್ಲಿಸದೆ, ಇಬ್ಬರ ಹೆಜ್ಜೆಗಳೂ ದೂರವಾಗುವವರೆಗೆ ಕೈ ತೊಳೆಯುತ್ತಲೇ ಇದ್ದಳು. ಮನೆಯಲ್ಲಿರುವುದೆಂದರೆ ಅತ್ತೆಯ ಖಾಲಿ ಕುರ್ಚಿಯ ಎದುರು ಕೂರುವುದು. ಈ ಲೇತೊಂದೇ ಅವನನ್ನು ಇನ್ನೂ ಅವನನ್ನಾಗಿ ಇಟ್ಟಿದೆ. ಅದನ್ನೂ ತೆಗೆದರೆ ಬೆರಳುಗಳೂ ಮರೆಯುತ್ತವೆ.

ಅವಳು ಲೋಟ ಕೆಳಗಿಟ್ಟು ಎದ್ದಳು. ಯಾರೂ ಗಮನಿಸಲಿಲ್ಲ, ಗಮನಿಸದಂತೆ ಏಳುವುದು ಅವಳಿಗೆ ಚೆನ್ನಾಗಿ ಬರುತ್ತದೆ. ಹಿಂದಿನ ಕೋಣೆಯಲ್ಲಿ ಸೌದೆ ಒಲೆಯಿದೆ. ಅದರ ಮೇಲಿನ ತಗಡಿನಲ್ಲಿ ಮರಳು ಹರವಿದರೆ ಊಟದ ಹೊತ್ತಿಗೆ ಒಣಗೀತು. ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ತೊಡೆಗೆ ತಾಗಿಸಿಕೊಂಡು, ಹಳದಿ ವೃತ್ತದಿಂದ ಹೊರಗೆ ನಾಲ್ಕು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, "ಹೆಲ್ಮಿ" ಎಂದು ಮಾವ ಕೂಗಿದ. ಅವನು ಹಾಗೆ ಕೂಗುವುದು ಕಡಿಮೆ. "ಅದನ್ನ ಎಲ್ಲಿಗೆ ತಗೊಂಡ್ ಹೋಗ್ತಿದ್ದೀಯಾ?" ಅವಳು ನಿಂತಳು. ಹೇಳಬೇಕಾದದ್ದು ನಾಲಿಗೆಯ ಮೇಲೇ ಇತ್ತು. ವೆಸ್ಲಿ ಬ್ರೆಡ್ಡಿನ ಚೂರು ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತಿದ್ದ. "ಸ್ವಲ್ಪ... ಬೆಚ್ಚಗೆ ಮಾಡೋಣ ಅಂತ." ಲೆಂಪಿ ಕಾಫಿ ಉಕ್ಕುವಂತೆ ನಕ್ಕಳು. "ಮರಳಿಗೆ ಚಳಿಯಂತೆ. ಸ್ವೆಟರ್ ಹೆಣೆದು ಕೊಡು ಹುಡುಗಿ." ಮಾವ ನಗಲಿಲ್ಲ. "ಬಕೆಟ್ ವೃತ್ತ ಬಿಟ್ಟು ಕದಲಬಾರ್ದು. ಈ ಒಂದು ಮಾತು ನಿನ್ನ ತಲೆಗೆ ಹೋಗಕ್ಕೆ ಎಷ್ಟು ವರ್ಷ ಬೇಕು? ನಾಳೆ ನಾನಿಲ್ದೇ ಇದ್ರೆ ಈ ಜಾಗ ಸುಟ್ಟೇಹಾಕ್ತೀರಿ." ಆಮೇಲೆ ವೆಸ್ಲಿಯ ಕಡೆ ತಿರುಗಿ, "ಮರೆಯೋದು ವಯಸ್ಸಾದೋರು ಮಾತ್ರ ಅಲ್ಲಪ್ಪ" ಅಂದ. ಅವನ ದನಿಯಲ್ಲಿ ಗೆದ್ದವನ ಸಣ್ಣ ಸಂತೋಷವಿತ್ತು. ಹೆಲ್ಮಿ ಬಕೆಟ್ಟನ್ನು ವಾಪಸು ತಂದು ವೃತ್ತದ ನಡುವೆ ಇಟ್ಟಳು. ಕಿವಿಯವರೆಗೂ ಮುಖ ಬಿಸಿಯಾಗಿತ್ತು. ಅವನ ಆ ಸಂತೋಷವನ್ನು ಅವಳು ಕಿತ್ತುಕೊಳ್ಳಲಾರಳು, ಹಾಗೆಯೇ ಅದನ್ನು ಕ್ಷಮಿಸಲೂ ಆಗುತ್ತಿರಲಿಲ್ಲ.

ಶಾಲೆಯಲ್ಲಿಯೂ ಒಮ್ಮೆ ಮುಖ ಹೀಗೇ ಬಿಸಿಯಾಗಿತ್ತು. ವಿಜ್ಞಾನದ ಮೇಷ್ಟ್ರು ಮೆಗ್ನೀಸಿಯಂ ಪಟ್ಟಿಯನ್ನು ಸುರುಳಿ ಸುತ್ತಿ, ಮುಚ್ಚಳವಿರುವ ಪುಟ್ಟ ಪಿಂಗಾಣಿ ಬಟ್ಟಲಿನಲ್ಲಿಟ್ಟು ತೂಕ ಮಾಡಿ, ಸುಡುವ ಮೊದಲು ಕೇಳಿದರು: ಉರಿದ ಮೇಲೆ ಇದರ ತೂಕ ಹೆಚ್ಚುತ್ತದೋ, ಇಳಿಯುತ್ತದೋ? ಅವಳಿಗೆ ಗೊತ್ತಿದ್ದ ವಿಷಯ. ಪ್ರತಿ ಶನಿವಾರ ಸೌನಾದ ಒಲೆಯಿಂದ ಬೂದಿ ತೆಗೆಯುವವಳು ಅವಳೇ; ಎರಡು ಕೈತುಂಬ ಹೊತ್ತು ತಂದ ಬರ್ಚ್ ಸೌದೆ ಒಂದು ಸೌಟು ಬೂದಿಯಾಗುವುದನ್ನು ಕಂಡವಳು. ಎಂದೂ ಕೈ ಎತ್ತದವಳು ಅವತ್ತು ಎತ್ತಿ, ಇಳಿಯುತ್ತದೆ ಎಂದಳು. ಮೇಷ್ಟ್ರು ಸುಟ್ಟು, ತಣಿಸಿ, ತಕ್ಕಡಿಯ ಮೇಲಿಟ್ಟರು. ಹೆಚ್ಚಿತ್ತು. "ಹೆಲ್ಮಿಯವರ ಮನೆ ಒಲೇಲಿ ಬೇರೆ ವಿಜ್ಞಾನ ಇರಬೇಕು" ಅಂದರು, ಇಡೀ ತರಗತಿ ನಕ್ಕಿತು. ಅವರು ಕೆಟ್ಟವರಲ್ಲ. ಸಮಾಧಾನವಾಗಿಯೇ ವಿವರಿಸಿದರು. ಸೌದೆ ಸುಟ್ಟರೆ ಅದರ ಬಹುಭಾಗ ಹೊಗೆಯಾಗಿ ಹೋಗಿಬಿಡುತ್ತದೆ. ಈ ಲೋಹ ಹಾಗಲ್ಲ, ಉರಿಯುತ್ತ ಸುತ್ತಲಿನ ಗಾಳಿಯಿಂದ ತನಗೆ ಬೇಕಾದ್ದನ್ನು ಎಳೆದು ತನ್ನೊಳಗೆ ಕಟ್ಟಿಹಾಕಿಕೊಳ್ಳುತ್ತದೆ, ಆ ಬಿಳಿ ಬೂದಿಯಲ್ಲಿ ಲೋಹವೂ ಇದೆ, ಗಾಳಿಯೂ ಇದೆ. ಗಾಳಿ ಸಿಗದಿದ್ದರೆ ನೀರಿನಿಂದಲೂ ಕಿತ್ತುಕೊಳ್ಳುತ್ತದೆ, ಆಗ ನೀರಿನಲ್ಲಿ ಉಳಿದದ್ದು ಬಿಡುಗಡೆಯಾಗಿ ಸಿಡಿಯುತ್ತದೆ. ಎಲ್ಲವನ್ನೂ ಅವಳು ಕೇಳಿಸಿಕೊಂಡಳು, ಮರೆಯಲೂ ಇಲ್ಲ. ಆದರೆ ಮತ್ತೆ ಕೈ ಎತ್ತಲಿಲ್ಲ. ಮುಂದಿನ ವರ್ಷ ಅತ್ತೆ ಹಾಸಿಗೆ ಹಿಡಿದಾಗ, ಶಾಲೆ ಬಿಡುತ್ತೇನೆಂದು ಹೇಳಲು ಅವಳಿಗೆ ಒಂದು ಕಾರಣ ಸಿಕ್ಕಿತು. ಅತ್ತೆ, ಪಾಪ, ತನಗಾಗಿ ಹುಡುಗಿ ಓದು ಬಿಟ್ಟಳೆಂದು ಕೊನೆಯವರೆಗೂ ಕೊರಗಿದಳು. ಹಾಗಲ್ಲ ಎಂದು ಹೇಳುವುದೂ ಆಗಲಿಲ್ಲ.

ಮಧ್ಯಾಹ್ನದ ಮೇಲೆ ಲೇತಿನ ಸದ್ದು ಬದಲಾಯಿತು. ಮೊದಲು ಹೆಲ್ಮಿಯ ಹಲ್ಲಿಗೆ ತಿಳಿಯಿತು, ಆಮೇಲೆ ಕಿವಿಗೆ. ಚೂಪಾದ ಟೂಲು ಮೆಗ್ನೀಸಿಯಮ್ಮನ್ನು ಬೆಣ್ಣೆಯಂತೆ ಕತ್ತರಿಸುತ್ತದೆ, ಸಿಪ್ಪೆ ಅಗಲವಾಗಿ, ಚಿಕ್ಕದಾಗಿ ಉದುರುತ್ತದೆ. ಮೊಂಡಾದದ್ದು ಕತ್ತರಿಸದೆ ಉಜ್ಜುತ್ತದೆ. ಈಗ ಕೆಳಗಿನ ಟ್ರೇಗೆ ಬೀಳುತ್ತಿದ್ದದ್ದು ನರೆತ ಕೂದಲಿನಂಥ ಎಳೆ. ಊಟ ಮುಗಿಸಿ ಬಂದ ಕೂಡಲೇ ಟೂಲು ಬದಲಿಸುವುದು ಮಾವನ ಪದ್ಧತಿ. ಹೊಸ ಟೂಲು ಬಟ್ಟೆಯ ಮೇಲೆ ಹಾಗೇ ಮಲಗಿತ್ತು. ಅವಳು ಪೊರಕೆಯ ಹಿಡಿಯನ್ನು ಬಿಗಿಯಾಗಿ ಹಿಡಿದು ಅವನ ಕಡೆ ನಡೆದಳು. ಟೂಲು ಅಂತ ಒಂದು ಮಾತು ಅಂದರೆ ಸಾಕು. ಆದರೆ ವೆಸ್ಲಿ ಯಾವುದೋ ಅಳತೆ ನೋಡಲು ಬಂದು ಲೆಂಪಿಯ ಹತ್ತಿರ ನಿಂತಿದ್ದ. ಅವನು ತಿರುಗಲಿ, ಮೆಟ್ಟಿಲು ಹತ್ತಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡಳು. ಮಾವ ಯಾವುದೋ ಹಳೆಯ ರಾಗ ಗುನುಗುತ್ತಿದ್ದ. ಗುನುಗುತ್ತ ಗುನುಗುತ್ತ ಅವನು ನಿಂತ. ಮುಂದಿನ ಕೆಲಸ ಏನೆಂದು ಯೋಚಿಸುವವನಂತೆ ಕಿಟಕಿಯ ಕಡೆ ನೋಡಿದ. ಕೈ ಲೇತಿನ ಹಿಡಿಯ ಮೇಲೆ ಸುಮ್ಮನೆ ಇತ್ತು, ಟೂಲು ಒಂದೇ ಜಾಗದಲ್ಲಿ ಉಜ್ಜುತ್ತಲೇ ಇತ್ತು, ತಿರುಗುವ ಲೋಹದ ಮೈಯಲ್ಲಿ ಒಂದು ಹೊಳೆಯುವ ಉಂಗುರ ಮೂಡಿತು.

ಸದ್ದೇ ಆಗಲಿಲ್ಲ. ಟ್ರೇಯಲ್ಲಿ ಬಿಳಿಯ ಒಂದು ಚುಕ್ಕಿ, ಆಮೇಲೆ ಅದು ಚುಕ್ಕಿಯಲ್ಲ. ಗೋಡೆ, ಚಾವಣಿ, ಲೆಂಪಿಯ ಕೈಯ ಅರ, ಎಲ್ಲವೂ ಒಂದೇ ಬಣ್ಣವಾಯಿತು. ಎಲ್ಲರ ನೆರಳುಗಳೂ ಕಪ್ಪಾಗಿ ಗೋಡೆಯ ಮೇಲೆ ಎದ್ದು ನಿಂತವು. "ಬೆನ್ನು" ಎಂದ ಮಾವ. ದನಿ ಹಳೆಯ ದನಿಯೇ, ಗಟ್ಟಿಯಾಗಿ, ಅವಸರವಿಲ್ಲದೆ. ಲೆಂಪಿ ತಿರುಗಿದಳು. ವೆಸ್ಲಿ ತಿರುಗಿದ. ಮಾವನ ಒಂದು ಕೈ ಲೇತು ನಿಲ್ಲಿಸಿ ಕಪ್ಪು ಗಾಜು ತೆಗೆದುಕೊಂಡಿತು, ಇನ್ನೊಂದು ಕೈ ನೋಡದೆಯೇ ಬಕೆಟ್ಟಿಗೆ ಚಾಚಿತು. ಆ ಕೈಗೆ ಏನೂ ಮರೆತಿರಲಿಲ್ಲ. ಬಕೆಟ್ಟು ಎಲ್ಲಿರಬೇಕೋ ಅಲ್ಲೇ ಇತ್ತು. ಅದರ ಮೇಲೆ ಹೆಲ್ಮಿ ಬಿದ್ದಿದ್ದಳು.

ಅವಳು ಮಂಡಿಯೂರಿ ಬಕೆಟ್ಟನ್ನು ತಬ್ಬಿ ಹಿಡಿದಿದ್ದಳು. ಕಣ್ಣು ಮುಚ್ಚಿದ್ದರೂ ರೆಪ್ಪೆಯೊಳಗೆ ಬೆಳಕು ಕೆಂಪಗೆ ಬರುತ್ತಿತ್ತು. "ಬಿಡು" ಎಂದ ಮಾವ. ಹಿಡಿಕೆ ಎಳೆದ. ಅವಳು ಬಿಡಲಿಲ್ಲ. "ಹುಚ್ಚು ಹಿಡಿದಿದೆಯಾ ನಿನಗೆ, ಬಿಡೇ."

"ಮರಳು ಹಸಿ ಇದೆ ಮಾವ."

"ಸುಮ್ನಿರು. ನಮ್ಮನೆ ಮರಳು ಅದು. ನಾನೇ ತುಂಬಿದ್ದು."

"ಹಸಿ ಇದೆ. ಶನಿವಾರ ತಟ್ಟೆ ಇಟ್ಟ ಮೇಲೆ ನೀವು ನೀರು ಹಾಕಿದ್ರಿ."

"ನನ್ನ ಸ್ನಾನ ಆದ್ಮೇಲೆ ತಾನೇ ನೀನು ತಟ್ಟೆ ಇಡೋದು?"

ಲೋಹ ಉರಿಯುವ ಸಣ್ಣ ಸುಯ್ಯೆನ್ನುವ ಸದ್ದು ಈಗ ಕೇಳಿಸಿತು. ಅದು ಸುತ್ತಲಿನ ಗಾಳಿಯನ್ನೆಲ್ಲ ಎಳೆದುಕೊಳ್ಳುತ್ತಿತ್ತು, ಅವಳಿಗೆ ಉಸಿರು ಸಾಲದಂತಿತ್ತು. ಕಣ್ಣು ತೆರೆದರೆ ಆಚೆ ಎರಡು ಬೆನ್ನುಗಳು, ಅಲುಗದೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತ ನಿಂತಿದ್ದವು. ವೆಸ್ಲಿಯ ಅಂಗಿಯ ಹೊಲಿಗೆ ಕೂಡ ಕಾಣುತ್ತಿತ್ತು, ಅಷ್ಟು ಬೆಳಕು.

"ನಿಮ್ಮ ಸ್ನಾನ ಆಗಿತ್ತು ಮಾವ" ಎಂದಳು ಹೆಲ್ಮಿ. "ಆಮೇಲೆ ಮೀನು ತಿಂದ್ರಿ. ತಿಂದು, ಮತ್ತೆ ಟವಲು ತಗೊಂಡು ಹೋದ್ರಿ. ನಾನು ನೋಡ್ದೆ. ಹೇಳ್ಲಿಲ್ಲ."

ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಹಿಡಿಕೆಯ ಮೇಲೆ ಅವನ ಎಳೆತ ಇನ್ನೂ ಇತ್ತು. ಬಿಳಿ ಕಲೆಗಳ ಆ ಮುಂಗೈ ಅವಳ ಕೆನ್ನೆಯ ಪಕ್ಕದಲ್ಲೇ ಇತ್ತು. ಅವನು ಗಾಜನ್ನು ಕಂಕುಳಿಗೆ ಸಿಕ್ಕಿಸಿ, ಬಾಗಿ, ಎರಡು ಬೆರಳನ್ನು ಮರಳಿನೊಳಗೆ ಆಳಕ್ಕೆ ಚುಚ್ಚಿದ. ತೆಗೆದ. ಬೆರಳುಗಳನ್ನು ತನ್ನ ತುಟಿಗೆ ತಾಗಿಸಿಕೊಂಡ, ಮಗುವಿಗೆ ಜ್ವರವಿದೆಯೇ ಎಂದು ಅತ್ತೆ ಹಣೆಗೆ ತುಟಿಯಿಟ್ಟು ನೋಡುತ್ತಿದ್ದ ಹಾಗೆ. ಆಮೇಲೆ ಎಳೆತ ನಿಂತಿತು. "ಹಾಗೇ ಉರಿದು ಹೋಗ್ಲಿ. ಯಾರೂ ಹತ್ರ ಬರ್ಬೇಡಿ" ಎಂದು ಗೋಡೆಗೆ ಹೇಳುವಂತೆ ಹೇಳಿದ, ಅವಳ ತೋಳು ಹಿಡಿದು ಬಕೆಟ್ಟಿನ ಸಮೇತ ಹಿಂದಕ್ಕೆ ಎಳೆದ, ಗಾಜನ್ನು ಅದರ ಮೊಳೆಗೆ ಸಿಕ್ಕಿಸಿದ, ಮತ್ತು ಉಳಿದವರ ಹಾಗೆ ತಾನೂ ಗೋಡೆಯ ಕಡೆ ತಿರುಗಿ ನಿಂತ. ಲೇತಿನವನು ಬೆನ್ನು ತಿರುಗಿಸಿದ್ದನ್ನು ಆ ವರ್ಕ್‌ಷಾಪಿನಲ್ಲಿ ಯಾರೂ ಕಂಡಿರಲಿಲ್ಲ.

ಟ್ರೇ ಕಬ್ಬಿಣದ್ದು, ಗಟ್ಟಿ, ತಡೆದುಕೊಂಡಿತು. ಬೆಳಕು ಒಂದು ಸಲ ಉಬ್ಬಿ, ಹಳದಿಗೆ ತಿರುಗಿ, ಒಳಕ್ಕೆ ಕುಸಿಯಿತು. ಬಿಳಿ ಹೊಗೆ ಚಾವಣಿಯ ಕೆಳಗೆ ಚಾದರದಂತೆ ಹರಡಿತು. ಕಿಟಕಿಗಳಿಗೆ ಮತ್ತೆ ಚಳಿಗಾಲದ ಮಬ್ಬು ಬೆಳಕು ಬಂತು. ಟ್ರೇಯಲ್ಲಿ ಹಿಟ್ಟಿನಂಥ ಬಿಳಿ ಬೂದಿ ಉಳಿದಿತ್ತು. ಮೊದಲು ಲೆಂಪಿ ತಿರುಗಿದಳು. ಕೈಯಲ್ಲಿದ್ದ ಅರವನ್ನು ಮೆಲ್ಲಗೆ ಕೆಳಗಿಟ್ಟಳು. ವೆಸ್ಲಿ ತಿರುಗಿದ. ಬೂದಿ ನೋಡಿದ, ಟೂಲು ನೋಡಿದ, ಹೆಲ್ಮಿಯ ತೊಡೆಯ ಮೇಲಿದ್ದ ಬಕೆಟ್ಟು ನೋಡಿದ. ಮಾವನನ್ನು ನೋಡಲಾರದೆ ತನ್ನ ಬೂಟು ನೋಡಿಕೊಂಡ. ಎಲ್ಲಿ ನೋಡಿದರೂ ಹೆಲ್ಮಿಯ ಕಣ್ಣಿನಲ್ಲಿ ಒಂದು ಹಸಿರು ಕಲೆ ತೇಲುತ್ತಿತ್ತು. ಅದರಾಚೆ ಮಾವ ಇನ್ನೂ ಗೋಡೆಗೆ ಮುಖ ಮಾಡಿ ನಿಂತಿದ್ದ, ಎರಡೂ ಕೈ ಪಕ್ಕಕ್ಕೆ ಜೋತುಬಿದ್ದಿದ್ದವು. ಅವಳು ಬಕೆಟ್ಟನ್ನು ಹಳದಿ ವೃತ್ತದೊಳಗೆ ಇಟ್ಟು ಎದ್ದು ಅವನ ಹಿಂದೆ ಹೋಗಿ ನಿಂತಳು.

"ಬೆಂಕಿ ಆರಿದೆ ಮಾವ. ಈ ಕಡೆ ತಿರುಗಿ."